ಎರಡನೇ ನಂಬರು

ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ, ನನ್ನ ಮನೆಯ ಗೋಡೆಗೆ ಬೆನ್ನು ಕೊಟ್ಟಂತೆ ಇರುವ ಮನೆಯ ಹೆಂಗಸನ್ನು ಎಲ್ಲರೂ ಎಕ್ಸ್‌ಚೇಂಜ್ ಅಕ್ಕ ಎನ್ನುತ್ತಾರೆ. ಅವರಿಗಿಂತ ಮೂರು ವರ್ಷ ದೊಡ್ಡವನಾದ ನಾನೂ ಅಕ್ಕ ಎಂದೇ ಕರೆಯುವುದು. ದೊಡ್ಡಾಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಮೂವತ್ತೊಂದು ವರ್ಷ ಕೂತವರು ಅವರು. ನಾನು ಅದೇ ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸುತ್ತಿದ್ದೆ. ನನ್ನ ಲಿಫ್ಟ್ ಎಷ್ಟು ನಿಧಾನವೆಂದರೆ, ಕಾಲು ಮುರಿದವರನ್ನು ಕೆಳಗೆ ಹತ್ತಿಸಿಕೊಂಡರೆ ನಾಲ್ಕನೇ ಮಹಡಿ ಬರುವಷ್ಟರಲ್ಲಿ ಮೂಳೆ ಕೂಡಿ ಅವರೇ ನಡೆದು ಇಳಿಯುತ್ತಿದ್ದರು. ಮೂಳೆ ಡಾಕ್ಟರರಿಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ.

ಅಕ್ಕನ ಕಿವಿಯ ವಿಷಯ ಹೇಳಿದರೆ ನೀವು ನಂಬುವುದಿಲ್ಲ, ಆದರೂ ಹೇಳುತ್ತೇನೆ. ಎರಡನೇ ಮಹಡಿಯವರ ಸಕ್ಕರೆ ಡಬ್ಬಿಗೆ ಇರುವೆ ನುಗ್ಗಿದರೆ ಅಕ್ಕ ಮೂರನೇ ಮಹಡಿಯಲ್ಲಿ ಕೂತು ಎಷ್ಟು ಇರುವೆ ಎಂದು ಎಣಿಸುವವರು. ಅದರಲ್ಲೊಂದು ಕುಂಟುತ್ತಿದೆ ಎಂದೂ ಸೇರಿಸುವವರು. ಫೋನಿನಲ್ಲಂತೂ ಅವರಿಗೆ ಮಾತಾಡುವವರಿಗಿಂತ ಮೊದಲು ಮಾತಾಡುವವರು ಕೂತ ಕೋಣೆ ಕೇಳಿಸುತ್ತಿತ್ತು. ಫ್ಯಾನು ಎಷ್ಟರ ಮೇಲೆ ತಿರುಗುತ್ತಿದೆ, ಕಿಟಕಿ ತೆರೆದಿದೆಯೋ ಇಲ್ಲವೋ, ಪಕ್ಕದಲ್ಲಿ ಯಾರಾದರೂ ಉಸಿರು ಹಿಡಿದು ನಿಂತಿದ್ದಾರೋ, ಎಲ್ಲ. "ಸಾರ್, ಆಮೇಲೆ ಮಾತಾಡಿ, ನಿಮ್ಮ ಒಲೆ ಮೇಲೆ ಹಾಲು ಉಕ್ತಾ ಇದೆ" ಎಂದು ಊರಾಚೆಯ ಮನೆಯವರನ್ನು ಎಚ್ಚರಿಸಿದ್ದನ್ನು ಪಕ್ಕದಲ್ಲೇ ನಿಂತು ಕೇಳಿದ್ದೇನೆ.

ಇಂಥ ಕಿವಿ ಇದ್ದವರು ಮನಸ್ಸು ಮಾಡಿದ್ದರೆ ಅರ್ಧ ಊರನ್ನು ಬೆರಳ ತುದಿಯಲ್ಲಿ ಕುಣಿಸಬಹುದಿತ್ತು. ಅಕ್ಕ ಮಾಡಲಿಲ್ಲ. ಕೆಲಸಕ್ಕೆ ಸೇರಿದ ದಿನ ಹಿರಿಯ ಆಪರೇಟರಮ್ಮ ಕಲಿಸಿದ್ದು ಎರಡೇ ಪಾಠ. ಮೊದಲನೆಯದು, ಕೂಡಿಸು, ಕಿವಿ ತೆಗೆ. ಎರಡು ಕಡೆಯ ವೈರು ಬೋರ್ಡಿಗೆ ಚುಚ್ಚಿ ಮಾತು ಶುರುವಾದ ಕೂಡಲೇ ಹೆಡ್‌ಫೋನನ್ನು ಕತ್ತಿಗೆ ಇಳಿಸಬೇಕು. ಎರಡನೆಯದು, ಯಾರ ಕರೆ ಬರೆದುಕೊಂಡರೂ ಎರಡನೇ ನಂಬರು ಕೇಳು. ನಡುವೆ ಲೈನು ಕಡಿದರೆ, ಆ ಕಡೆ ಯಾರೂ ಎತ್ತದಿದ್ದರೆ, ಪಕ್ಕದ ಮನೆಯದ್ದೋ ಅಂಗಡಿಯದ್ದೋ ಇನ್ನೊಂದು ನಂಬರು ಕೈಯಲ್ಲಿರಬೇಕು. ಎರಡನೇ ನಂಬರಿಲ್ಲದ ಕರೆಯನ್ನು ಅಕ್ಕ ಮುಟ್ಟುತ್ತಲೇ ಇರಲಿಲ್ಲ. ಆರೋಗ್ಯ ಮಂತ್ರಿಗಳ ಕಚೇರಿಯಿಂದ ಫೋನ್ ಬಂದಾಗಲೂ, "ಸರಿ ಸಾರ್, ನಿಮ್ಮ ಪಕ್ಕದ ಮನೆ ನಂಬರು ಹೇಳಿ" ಎಂದವರು.

ಸೂಪರಿಂಟೆಂಡೆಂಟರಿಗೆ ಮನೆಯಿಂದ ಬರುವ ಬೈಗುಳ, ದೊಡ್ಡ ನರ್ಸಮ್ಮನಿಗೆ ಪ್ರತಿ ಮಂಗಳವಾರ ಹನ್ನೊಂದಕ್ಕೆ ಬರುತ್ತಿದ್ದ ಒಂದು ಕರೆ, ಎಲ್ಲವೂ ಆ ಕಿವಿಯ ಪಕ್ಕದಿಂದಲೇ ಹಾದುಹೋದವು. ಒಂದೂ ಬಾಯಿಗೆ ಬರಲಿಲ್ಲ. "ನರ್ಸಮ್ಮಂಗೆ ಫೋನ್ ಮಾಡೋದು ಯಾರಕ್ಕ?" ಎಂದು ನಾನು ಇಪ್ಪತ್ತು ವರ್ಷ ಗೋಗರೆದೆ. "ನಿಮ್ಮ ಲಿಫ್ಟಿಗೆ ಜನ ನಿಂತಿದ್ದಾರೆ, ಹೋಗಿ" ಎನ್ನುತ್ತಿದ್ದರು, ಅಷ್ಟೇ.

ಅಕ್ಕ ಮದುವೆಯಾಗಲಿಲ್ಲ. ಜೊತೆಗಿರುವುದು ಅವರ ಸ್ವಂತ ತಂಗಿ, ಶಾಲೆಯಲ್ಲಿ ಹೊಲಿಗೆ ಟೀಚರಾಗಿದ್ದವರು. ತಂಗಿಯ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಇಪ್ಪತ್ತೆರಡು ವರ್ಷದ ಹಿಂದೆ ನಮ್ಮದೇ ಆಸ್ಪತ್ರೆಯ ಎರಡನೇ ಮಹಡಿಯ ಕೊನೆಯ ಕೋಣೆಯಲ್ಲಿ ಹೃದಯ ಕೈಕೊಟ್ಟು ತೀರಿಕೊಂಡರು. ಮೊದಲ ದಿನ ಅವರನ್ನು ಮೇಲೆ ಕರೆದೊಯ್ದವನು ನಾನೇ. ಲಿಫ್ಟಿನ ಬಾಗಿಲು ಕಿರ್ರೆಂದಾಗ, "ಇದಕ್ಕೆ ಸ್ವಲ್ಪ ಗ್ರೀಸ್ ಬೇಕು ಕಣಪ್ಪ, ನನಗಿಂತ ಮೊದಲು ಇದು ಹೋಗತ್ತೆ" ಎಂದಿದ್ದರು.

ತೀರಿಕೊಂಡ ದಿನ ಬೆಳಿಗ್ಗೆ ಗಂಡ ಹೆಂಡಿರಿಗೆ ಜಗಳವಾಗಿತ್ತು. ನುಂಗಬೇಕಾದ ಮಾತ್ರೆಗಳನ್ನೆಲ್ಲ ಆತ ದಿಂಬಿನ ಚೀಲದೊಳಗೆ ಸೇರಿಸುತ್ತಿದ್ದರು. ನಾಲ್ಕು ದಿನದಿಂದ ಕುರ್ಚಿಯಲ್ಲೇ ಕೂತು ಕಣ್ಣು ಕೆಂಪಾಗಿದ್ದ ತಂಗಿ ದಿಂಬು ಕೊಡವಿದಾಗ ಮಾತ್ರೆಗಳು ನೆಲದ ತುಂಬ ಉರುಳಿದವು. "ಸಾಯೋದಿದ್ರೆ ನೀವೇ ಸಾಯಿರಿ, ನಾನು ಮನೆಗೆ ಹೋಗ್ತೀನಿ. ಬೇಕಾದ್ರೆ ಫೋನ್ ಮಾಡಿ" ಎಂದು ಹೋದರು. ಹಾಸಿಗೆಯ ಪಕ್ಕದಲ್ಲೇ ಫೋನ್ ಇತ್ತು. ಸೊನ್ನೆ ಒತ್ತಿದರೆ ಕೆಳಗೆ ಬೋರ್ಡಿನಲ್ಲಿ ಸ್ವಂತ ಹೆಂಡತಿಯ ಅಕ್ಕನೇ ಎತ್ತುವುದು. ಸಂಜೆ ಐದಕ್ಕೆ ಆತ ಹೋದರು. ಮನೆಗೆ ಒಂದು ಕರೆಯೂ ಬಂದಿರಲಿಲ್ಲ.

ಆ ಸಿಟ್ಟು ತಂಗಿಯ ಎದೆಯಲ್ಲಿ ಇಪ್ಪತ್ತೆರಡು ವರ್ಷ ಆರಲಿಲ್ಲ. ದಿನಾ ಸಂಜೆ ಕೈಯಲ್ಲಿ ಕಾಫಿ ಹಿಡಿದು ಗಂಡನ ಫೋಟೋದ ಮುಂದೆ ನಿಂತು ಬೈಯುತ್ತಿದ್ದರು. ಗೋಡೆಯಾಚೆ ನನಗೆ ಅದು ಗಡಿಯಾರವಿದ್ದ ಹಾಗೆ. "ಒಂದು ಫೋನ್ ಮಾಡಿದ್ರೆ ಕೈ ಸವೆದು ಹೋಗ್ತಿತ್ತಾ ನಿಮಗೆ? ಮಾತ್ರೆಗೋಸ್ಕರ ಮುನಿಸು! ಹೋಗೋವಾಗಲೂ ಮುಖ ತಿರುಗಿಸಿಕೊಂಡೇ ಹೋದ್ರಲ್ಲ!" ಎಂದು. ಆಮೇಲೆ ಲೋಟ ತೊಳೆಯುವ ಸದ್ದು. ಅಕ್ಕ ಆ ಹೊತ್ತಿಗೆ ಸರಿಯಾಗಿ ಒಗೆದ ಬಟ್ಟೆ ತರಲು ಕಟ್ಟಡದ ಮೇಲಿನ ತೆರೆದ ಮಹಡಿ ಹತ್ತುತ್ತಿದ್ದರು. ಬಟ್ಟೆ ಒಗೆಯದ ದಿನವೂ ಹತ್ತುತ್ತಿದ್ದರು. ನಾನು ಅದನ್ನು ಗಮನಿಸಿದ್ದೆ. ಆದರೆ ಅರ್ಥ ಮಾಡಿಕೊಂಡಿರಲಿಲ್ಲ.

ನಿವೃತ್ತಿಯಾದ ಎರಡನೇ ವರ್ಷ ಅಕ್ಕನ ಕಿವಿಯಲ್ಲಿ ಸದ್ದು ಶುರುವಾಯಿತು. ಫೋನು ಎಂಗೇಜ್ ಇದ್ದಾಗ ಬರುತ್ತದಲ್ಲ, ಟೊಂಯ್, ಟೊಂಯ್, ಅದೇ. ಮಿಕ್ಸಿ ನಿಂತರೆ ಟೊಂಯ್. ನಲ್ಲಿ ನಿಲ್ಲಿಸಿದರೆ ಟೊಂಯ್. ಮನೆ ಸುಮ್ಮನಾದ ಕೂಡಲೇ ಅದು ಮಾತಾಡಲು ಶುರು. ಕಿವಿ ಡಾಕ್ಟರು ಎಲ್ಲ ಯಂತ್ರ ಹಚ್ಚಿ ನೋಡಿ, "ಅಮ್ಮಾ, ನಿಮ್ಮ ಕಿವಿ ನನ್ನ ಯಂತ್ರಕ್ಕಿಂತ ಚೆನ್ನಾಗಿದೆ. ಮನಸ್ಸಿನಲ್ಲಿ ಏನಾದ್ರೂ ಇದ್ರೆ ಯಾರ ಹತ್ರಾನಾದ್ರೂ ಹೇಳಿಕೊಳ್ಳಿ" ಎಂದರಂತೆ. ನಮ್ಮ ಊರಿನಲ್ಲಿ ಮನಸ್ಸಿನ ಡಾಕ್ಟರು ಇರುವುದು ಒಬ್ಬರೇ. ಅವರನ್ನು ಕಾಣಲು ಹೆಸರು ಬರೆಸಿದವರ ಮೊಮ್ಮಕ್ಕಳ ಸರದಿ ಈಗ ನಡೆಯುತ್ತಿದೆ.

ಹೀಗೆ ಬಂದದ್ದು ಆ ಆ್ಯಪು. ಅದರ ಚಿತ್ರ ಒಂದು ಕಿವಿ, ಕಿವಿಯೊಳಗಿಂದ ಹಸಿರು ಎಲೆ ಮೂಡಿದ್ದು. ಕೆಳಗೆ, 'ಮನೆಯಲ್ಲೇ ಕೂತು ತಜ್ಞರೊಂದಿಗೆ ಮಾತಾಡಿ. ನಿಮ್ಮ ಗುಟ್ಟು ನಮ್ಮಲ್ಲಿ ಭದ್ರ' ಎಂದಿತ್ತು. ಮೊಬೈಲ್ ವಿಷಯದಲ್ಲಿ ನಾನು ಆ ಮಹಡಿಯ ವಿಜ್ಞಾನಿಯಾದ್ದರಿಂದ ಅಕ್ಕ ಒಂದು ಮಧ್ಯಾಹ್ನ, ತಂಗಿ ಮಲಗಿದ್ದಾಗ, ಫೋನ್ ಹಿಡಿದು ನಮ್ಮ ಮನೆಗೆ ಬಂದರು.

"ಹಾಕಿ ಕೊಡಿ. ಏನು ಎತ್ತ ಅಂತ ಕೇಳಬೇಡಿ."

"ನಾನೆಲ್ಲಿ ಕೇಳ್ತೀನಕ್ಕ? ನರ್ಸಮ್ಮನ ವಿಷಯ ಇಪ್ಪತ್ತು ವರ್ಷ ಕೇಳಿ ಬಾಯಿ ಬಿದ್ದುಹೋಗಿದೆ."

ಅದು ಮೊದಲು ಷರತ್ತುಗಳನ್ನು ತೋರಿಸಿತು. ಒಂದು ರೈಲು ಉದ್ದ. ನಾನು ಹೆಬ್ಬೆರಳಿನಲ್ಲಿ ಸರ್ರನೆ ಕೆಳಗೆಳೆದು 'ಒಪ್ಪಿದೆ' ಒತ್ತಿದೆ. ಒಂದಕ್ಷರ ಓದಲಿಲ್ಲ. ಇದನ್ನು ನಾನು ಜಂಬದಿಂದ ಹೇಳುತ್ತಿಲ್ಲ. ಆಮೇಲೆ ಹೆಸರು, ವಯಸ್ಸು, ಅಕ್ಕನ ನಂಬರು. ಅದರ ಕೆಳಗೆ ಇನ್ನೊಂದು ಖಾನೆ.

"ಎರಡನೇ ನಂಬರು ಕೇಳ್ತಿದೆ ಅಕ್ಕ. ಆಪ್ತರದ್ದಂತೆ. ಬೇಡ ಅಂದ್ರೆ ಬಿಟ್ಟುಬಿಡಬಹುದು."

ಎರಡನೇ ನಂಬರು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅಕ್ಕನ ಬೆನ್ನು ನೆಟ್ಟಗಾಯಿತು. ಮೂವತ್ತೊಂದು ವರ್ಷದ ಅಭ್ಯಾಸ ಯೋಚನೆಗೆ ಬಿಡುವು ಕೊಡಲಿಲ್ಲ. ಪಟಪಟನೆ ಹತ್ತು ಅಂಕಿ ಹೇಳಿದರು, ನಾನು ಒತ್ತಿದೆ. ಅದು ತಂಗಿಯ ನಂಬರು. ಅವರಿಗೆ ಬಾಯಿಪಾಠವಿದ್ದ ಮೊಬೈಲ್ ನಂಬರು ಅದೊಂದೇ. ಹೇಳಿದವರಿಗೂ ಹೊಳೆಯಲಿಲ್ಲ, ಒತ್ತಿದವನಿಗೂ ಹೊಳೆಯಲಿಲ್ಲ.

ಮೊದಲ ಮಾತುಕತೆ ನಮ್ಮ ಅಡುಗೆಮನೆಯಲ್ಲೇ ನಡೆಯಿತು. ನಾನು ಹೊರಗೆ ಮೆಟ್ಟಿಲ ಮೇಲೆ ಕೂತೆ. ಇಪ್ಪತ್ತು ನಿಮಿಷ ಬಿಟ್ಟು ಅಕ್ಕ ಈಚೆ ಬಂದಾಗ ಮುಖ ತೊಳೆದಂತಿತ್ತು. "ಒಳ್ಳೆ ಹುಡುಗಿ. ಸುಮ್ಮನೆ ಕೇಳಿಸಿಕೊಂಡ್ಲು" ಎಂದರು. ಆಮೇಲೆ, ನಾನು ಕೇಳದೆಯೇ, ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲಿ ಕೂತು ನನಗೂ ಹೇಳಿದರು. ಒಮ್ಮೆ ಬಾಗಿಲು ತೆರೆದ ಮೇಲೆ ಎರಡನೆಯವರಿಗೆ ಹೇಳುವುದು ಸುಲಭವೇನೋ.

ಆತ ಫೋನ್ ಮಾಡಿದ್ದರು. ಆ ದಿನ ನಾಲ್ಕು ಹತ್ತಕ್ಕೆ ಬೋರ್ಡಿನಲ್ಲಿ ಎರಡನೇ ಮಹಡಿಯ ಕೊನೆಯ ದೀಪ ಹತ್ತಿತು. "ಅಕ್ಕ, ಮನೆಗೆ ಒಂದು ಲೈನ್ ಕೊಡಿ" ಎಂದರು. ಅಕ್ಕನಿಗೆ ಗೊತ್ತು, ತಂಗಿ ನಾಲ್ಕು ದಿನದ ಮೇಲೆ ಈಗ ಮಲಗಿದ್ದಾಳೆ. ಒಂದು ಗಂಟೆ ಮಲಗಲಿ, ಐದಕ್ಕೆ ಕೊಟ್ಟರಾಯಿತು ಎಂದುಕೊಂಡರು. ಆತನಿಗೆ, "ಲೈನ್ ಎಂಗೇಜ್ ಇದೆ" ಎಂದರು. ಐದಕ್ಕೆ ಲೈನು ಕೊಡಲು ಆ ಕಡೆ ಯಾರೂ ಉಳಿದಿರಲಿಲ್ಲ.

"ಅವತ್ತೇ ಹೇಳಬೇಕಿತ್ತು. ಆಸ್ಪತ್ರೆ ಬಾಗಿಲಲ್ಲಿ ಅವಳು ನನ್ನ ಭುಜ ಹಿಡಿದು, 'ಫೋನೇ ಮಾಡ್ಲಿಲ್ಲ ನೋಡಕ್ಕ' ಅಂದ್ಲು. ನಾನು, 'ಅಳಬೇಡ' ಅಂದೆ. ಆಮೇಲೆ ದಿನಾ ಒಂದೊಂದು ಕಲ್ಲು ಇಟ್ಟ ಹಾಗಾಯ್ತು. ಈಗ ಹೇಳಿದ್ರೆ ಇಪ್ಪತ್ತೆರಡು ವರ್ಷದ ಗೋಡೆ ಅವಳ ಮೇಲೇ ಬೀಳತ್ತೆ."

ನನಗೆ ಎಲ್ಲದಕ್ಕೂ ಒಂದು ತಮಾಷೆ ಹೊಳೆಯುತ್ತದೆ ಎಂದು ಹೆಸರು. ಅಂದು ಒಂದೂ ಹೊಳೆಯಲಿಲ್ಲ.

ಎರಡು ದಿನದ ಮೇಲೆ ತಂಗಿ ನಮ್ಮ ಬಾಗಿಲು ಬಡಿದರು. ಮುಖ ಬಿಳುಚಿತ್ತು. ಫೋನನ್ನು ಬಿಸಿ ಪಾತ್ರೆಯ ಹಾಗೆ ಸೆರಗಿನಲ್ಲಿ ಹಿಡಿದಿದ್ದರು.

"ಅಣ್ಣ, ಇದು ಯಾರದ್ದು ನೋಡಿ. ಹೆಸರಿಲ್ಲ, ಏನಿಲ್ಲ."

ಪರದೆಯ ಮೇಲೆ ಹೀಗಿತ್ತು: 'ನೀವು ಪ್ರೀತಿಸುವವರೊಬ್ಬರು ನಿಮ್ಮೊಂದಿಗೆ ಮಾತಾಡಲು ಕಾಯುತ್ತಿದ್ದಾರೆ.'

"ಯಾವುದೋ ಕಂಪನಿ ಜಾಹೀರಾತು ಕಣಮ್ಮ. ನಂಗೂ ಬರತ್ತೆ. ಮೊನ್ನೆ ಒಬ್ಬರು ನನ್ನ ತಲೆಯಲ್ಲಿ ಮತ್ತೆ ಕೂದಲು ಬೆಳೆಸ್ತೀನಿ ಅಂದ್ರು. ಇರೋ ಎಂಟು ಕೂದಲಿಗೆ ಜೊತೆಗಾರರು ಬೇಡ ಅಂದೆ."

ತಂಗಿ ನಗಲಿಲ್ಲ. "ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಬಂತು" ಎಂದರು. "ನಾನು ಅವರನ್ನ ಬೈಯೋಕೆ ಅಂತ ಆಗ ತಾನೇ ಬಾಯಿ ತೆರೆದಿದ್ದೆ."

ನಾಲ್ಕು ಹತ್ತು ಬರಿಯ ಕಾಕತಾಳೀಯ. ಯಂತ್ರಕ್ಕೆ ಏನು ಗೊತ್ತು? ಆದರೆ ನನ್ನ ಕತ್ತಿನ ಹಿಂದೆ ಯಾರೋ ತಣ್ಣನೆ ಊದಿದಂತಾಯಿತು. ಮಾರನೇ ದಿನ ಇನ್ನೊಂದು: 'ಹೇಳದೆ ಉಳಿದ ಮಾತು ದೊಡ್ಡ ಭಾರ. ಅವರಿಗೆ ಕಿವಿಯಾಗಿ.' ಅದರ ಪಕ್ಕದಲ್ಲಿ ಎಲೆ ಮೂಡಿದ ಆ ಕಿವಿ, ಸಾಸಿವೆ ಕಾಳಿನಷ್ಟು ಚಿಕ್ಕದಾಗಿ. ಆಗ ನನಗೆ ಆ ಹತ್ತು ಅಂಕಿ ನೆನಪಾದವು.

ಅಷ್ಟರಲ್ಲಿ ತಂಗಿ ಅದಕ್ಕೆ ಉತ್ತರ ಬರೆದಾಗಿತ್ತು. 'ಎಲ್ಲಿದ್ದೀರಿ?' ಎಂದು. ಆ ಕಡೆಯಿಂದ ಕಣ್ಣು ಮಿಟುಕಿಸುವುದರೊಳಗೆ ಬಂದಿತ್ತು: 'ನಿಮ್ಮ ಸಂದೇಶ ನಮಗೆ ಬಹಳ ಮುಖ್ಯ. ದಯವಿಟ್ಟು ಕಾಯಿರಿ.'

ತಂಗಿ ಕಾಯತೊಡಗಿದರು. ಫೋಟೋಗೆ ಬೈಯುವುದು ನಿಂತಿತು. ಗಾಜನ್ನು ಒರೆಸಿ ಕುರ್ಚಿಯ ಎದುರಿಗೆ ಇಟ್ಟುಕೊಂಡರು. ತಲೆ ಬಾಚಿ, ಎಲ್ಲಿಗೋ ಹೊರಟವರ ಹಾಗೆ ಒಳ್ಳೆಯ ಬಟ್ಟೆ ಉಟ್ಟು, ಮಡಿಲಲ್ಲಿ ಫೋನಿಟ್ಟು ಮಧ್ಯಾಹ್ನವೆಲ್ಲ ಕೂತಿರುತ್ತಿದ್ದರು. ಬಾಗಿಲು ತೆರೆದೇ ಇರುತ್ತಿತ್ತು. ಹಾದುಹೋಗುವಾಗ ಇಣುಕಿದರೆ ಎರಡು ಬೆರಳು ತುಟಿಗೆ ಇಟ್ಟು, ಸದ್ದು ಮಾಡಬೇಡಿ ಎನ್ನುವರು. ಇಪ್ಪತ್ತೆರಡು ವರ್ಷದಲ್ಲಿ ಅವರ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಕಂಡಿರಲಿಲ್ಲ. ಹೆದರಿಕೆಯಾದದ್ದು ಅದಕ್ಕೇ.

ನಾನು ಅಕ್ಕನನ್ನು ಹುಡುಕಿಕೊಂಡು ಹೋದಾಗ ಅವರು ಮಹಡಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ಎರಡನೇ ಮಾತುಕತೆಯಲ್ಲಿದ್ದರು. ಫೋನು ಕಿವಿಯಿಂದ ದೂರವಿದ್ದು ಆ ಕಡೆಯ ದನಿ ನನಗೂ ಕೇಳುತ್ತಿತ್ತು.

"ನೀವು ಆವತ್ತಿನವರಲ್ಲ" ಎಂದು ಅಕ್ಕ ಹೇಳುತ್ತಿದ್ದರು.

"ನಾನೇ ಮೇಡಂ. ಅದೇ ಹೆಸರು, ಅದೇ ಫೋಟೋ ಬಂದಿರಬೇಕಲ್ಲ? ಸ್ವಲ್ಪ ಶೀತ ಆಗಿದೆ."

"ಶೀತ ಆದ್ರೆ ಗಂಟಲು ಕಟ್ಟತ್ತಮ್ಮ, ಹಲ್ಲಿನ ಸಂದಿ ಬದಲಾಗಲ್ಲ. ಆ ಹುಡುಗಿಗೆ ಮುಂದಿನ ಎರಡು ಹಲ್ಲಿನ ನಡುವೆ ಗಾಳಿ ಹೋಗ್ತಿತ್ತು. ನಿಮಗೆ ಹೋಗ್ತಿಲ್ಲ. ಅವಳು ಎಲ್ಲಿ?"

"ನೀವು ಹೇಳ್ತಿರೋದು ನನಗೆ ಅರ್ಥವಾಗ್ತಿದೆ ಮೇಡಂ. ನಿಮ್ಮ ಭಾವನೆ ಸಹಜ. ಒಮ್ಮೆ ದೀರ್ಘವಾಗಿ ಉಸಿರಾಡಿ."

"ಉಸಿರಾಡ್ತಾನೇ ಇದ್ದೀನಿ. ಇಲ್ಲದಿದ್ರೆ ನಿಮಗೆ ಫೋನ್ ಹೇಗೆ ಮಾಡ್ತಿದ್ದೆ?"

ನಾನು ಕೈಸನ್ನೆ ಮಾಡಿದೆ, ಫೋನಿಡಿ ಎಂದು. ಅಕ್ಕ ಕೈಯೆತ್ತಿ ನನ್ನನ್ನು ತಡೆದರು. ಅವರು ಆ ಹೆಂಗಸಿನ ಮಾತು ಕೇಳುತ್ತಿರಲಿಲ್ಲ, ಅವಳ ಹಿಂದಿನ ಕೋಣೆಯನ್ನು ಕೇಳುತ್ತಿದ್ದರು. ಕಣ್ಣು ಮುಚ್ಚಿ ಮೆಲ್ಲಗೆ ನನಗೆ ಹೇಳುತ್ತಾ ಹೋದರು, ಬಾವಿಯೊಳಗೆ ಇಣುಕಿ ಕಂಡದ್ದನ್ನು ಹೇಳುವವರ ಹಾಗೆ. "ಕೋಣೆ ಅಲ್ಲ, ದೊಡ್ಡ ಹಾಲ್. ಇಪ್ಪತ್ತು ಜನ ಇದ್ದಾರೆ. ಇಪ್ಪತ್ತಮೂರು. ಎಲ್ಲರೂ ಉಸಿರಾಡಿ ಅಂತಿದ್ದಾರೆ. ಒಬ್ಬ ಗಂಡಸು ಕುರ್ಚಿಗಳ ನಡುವೆ ಓಡಾಡ್ತಿದ್ದಾನೆ, ಹೊಸಬರಿಗೆ ಕಲಿಸ್ತಿದ್ದಾನೆ..."

ಅಲ್ಲಿ ನಿಂತರು. ಅವರ ಮುಖ ನೋಡುನೋಡುತ್ತಾ ಸುಣ್ಣವಾಯಿತು. ಪೂರ್ತಿ ಕೇಳಿಸಿಕೊಂಡು ಫೋನನ್ನು ಟ್ಯಾಂಕಿನ ಕಟ್ಟೆಯ ಮೇಲಿಟ್ಟರು. ಆ ಹೆಂಗಸು ಒಳಗಿಂದ ಇನ್ನೂ ಉಸಿರಾಡಿ ಎನ್ನುತ್ತಲೇ ಇದ್ದಳು.

"ನನ್ನದೇ ಕಥೆ ಹೇಳಿಕೊಡ್ತಿದ್ದಾನೆ. 'ಇದು ಆಪರೇಟರಮ್ಮನ ಕೇಸು. ಮನೆಯವರು ಸಾಯ್ತಿದ್ರೆ ಲೈನ್ ಎಂಗೇಜ್ ಅಂದವಳು. ಇಂಥವರಿಗೆ ಎಂಟನೇ ಉತ್ತರ ಓದಿ, ಅಳು ಬಂದ್ರೆ ಹನ್ನೊಂದನೇದು' ಅಂತಿದ್ದಾನೆ. ಯಾರೋ ನಕ್ಕರು."

ಮೂವತ್ತೊಂದು ವರ್ಷ ಊರಿನ ಗುಟ್ಟನ್ನೆಲ್ಲ ಕತ್ತಿನಿಂದ ಕೆಳಗೆ ಇಟ್ಟುಕೊಂಡವರು ಅವರು. ಅವರ ಒಂದೇ ಒಂದು ಗುಟ್ಟು ಇಪ್ಪತ್ತಮೂರು ಬಾಯಿಗಳಲ್ಲಿ ಪಾಠವಾಗಿತ್ತು. ಆಗ ನಾನು ತಂಗಿಯ ಫೋನಿನ ಸಂಗತಿ ಹೇಳಬೇಕಾಯಿತು. ಅದಕ್ಕಿಂತ ನನ್ನ ಲಿಫ್ಟಿನ ಹಗ್ಗ ಕಡಿದು ನಾನೇ ಪಾತಾಳಕ್ಕೆ ಹೋಗಿದ್ದರೆ ಹಗುರವಾಗುತ್ತಿತ್ತು.

ಆ್ಯಪಿನ ಸಹಾಯವಾಣಿಗೆ ಫೋನ್ ಮಾಡಿದೆವು. ಸಂಗೀತ ಹಾಕಿ ಕಾಯಿಸಿದರು. ಆ ಸಂಗೀತ ಕೇಳುತ್ತಾ ನನ್ನ ಗಡ್ಡ ಒಂದಿಂಚು ಬೆಳೆಯಿತು. ಕೊನೆಗೆ ಬಂದ ವ್ಯಕ್ತಿ ಬಹಳ ವಿನಯದಿಂದ ಹೇಳಿದ.

"ಆಪ್ತರ ನಂಬರ್ ತೆಗೆಯೋಕೆ ಮೂವತ್ತು ಕೆಲಸದ ದಿನ ಬೇಕು ಮೇಡಂ."

"ಅಲ್ಲೀವರೆಗೆ ಅವಳಿಗೆ ಏನೂ ಕಳಿಸಬೇಡಿ."

"ತಿಂಗಳ ಸಾರಾಂಶ ಮಾತ್ರ ಹೋಗತ್ತೆ ಮೇಡಂ, ಈ ಶುಕ್ರವಾರ. ಅದು ತಾನಾಗಿ ಹೋಗೋದು, ನಮ್ಮ ಕೈಯಲ್ಲಿಲ್ಲ."

"ಯಾವ ಸಾರಾಂಶ?"

"ನೀವು ಮಾತಾಡಿದ್ದರ ಸಾರಾಂಶ. ನಿಮ್ಮವರು ನಿಮ್ಮನ್ನ ಚೆನ್ನಾಗಿ ಅರ್ಥ ಮಾಡಿಕೊಳ್ಳಲಿ ಅಂತ. ನೀವೇ ಒಪ್ಪಿದ್ದೀರಿ ಮೇಡಂ, ಹದಿನಾಲ್ಕನೇ ಷರತ್ತು."

ಅಕ್ಕ ನನ್ನ ಹೆಬ್ಬೆರಳನ್ನು ನೋಡಿದರು. ನಾನು ಅದನ್ನು ಮುಷ್ಟಿಯೊಳಗೆ ಅಡಗಿಸಿಕೊಂಡೆ.

ತಂಗಿಯ ಫೋನನ್ನೇ ಬಚ್ಚಿಟ್ಟುಬಿಡೋಣ ಎಂದೆ. ನೀರಿಗೆ ಹಾಕೋಣ, ಕಳುವಾಯಿತು ಎನ್ನೋಣ, ಕೋತಿ ಎತ್ತಿಕೊಂಡು ಹೋಯಿತು ಎನ್ನೋಣ, ಕೋತಿ ನಾನೇ ಆಗುತ್ತೇನೆ ಎಂದೆ. ಅಕ್ಕ ತಲೆಯಾಡಿಸಿದರು. "ಅವಳು ಕಾಯ್ತಾ ಕೂತಿದ್ದಾಳೆ. ಆ ಫೋನ್ ಕಿತ್ತುಕೊಂಡ್ರೆ ಎರಡನೇ ಸಲ ಅವರ ಲೈನ್ ಕಡಿದ ಹಾಗೆ."

ಗುರುವಾರ ಮಧ್ಯಾಹ್ನ ಊಟವಾದ ಮೇಲೆ ಅಕ್ಕ ನನ್ನನ್ನು ಕರೆದರು. "ಬಾಗಿಲಿಗೆ ಅಡ್ಡ ಕೂತ್ಕೊಳ್ಳಿ. ನಾನು ಎದ್ದು ಮಹಡಿಗೆ ಓಡೋಕೆ ಬಂದ್ರೆ ಬಿಡಬೇಡಿ." ಕುರ್ಚಿ ಎಳೆದು ಕೂತೆ. ತಂಗಿ ಎಂದಿನಂತೆ ಫೋನನ್ನು ಮಡಿಲಲ್ಲಿಟ್ಟುಕೊಂಡಿದ್ದರು. ನಮ್ಮಿಬ್ಬರನ್ನೂ ನೋಡಿ, "ಏನಣ್ಣ, ಕಾವಲು ಕೂತ ಹಾಗೆ ಕೂತಿದ್ದೀರಿ. ಅಕ್ಕನ ಮದುವೆ ಮಾತುಕತೆಯಾ?" ಎಂದರು. ಅಷ್ಟು ಹಗುರವಾಗಿದ್ದರು.

ಅಕ್ಕ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಆ್ಯಪಿನಿಂದ ಶುರುಮಾಡಿ, ಎರಡನೇ ನಂಬರು, ಸಂದೇಶಗಳು, ನಾಳೆ ಬರುವ ಸಾರಾಂಶ, ಅಲ್ಲಿಂದ ಹಿಂದಕ್ಕೆ ಇಪ್ಪತ್ತೆರಡು ವರ್ಷ ನಡೆದು ನಾಲ್ಕು ಹತ್ತರ ದೀಪದವರೆಗೆ.

ತಂಗಿ ಮೊದಲು ಕೇಳಿದ್ದು ಆ ದೀಪದ ವಿಷಯವನ್ನಲ್ಲ. ಫೋನನ್ನು ಮುಂದೆ ಚಾಚಿ, ಚಿಕ್ಕ ಮಗು ಒಡೆದ ಆಟಿಕೆಯನ್ನು ತೋರಿಸುವಂತೆ, "ಹಾಗಾದ್ರೆ ಇದು ಅವರಲ್ವಾ?" ಎಂದರು.

"ಅಲ್ಲ ಕಣೆ."

"ಕಾಯಿರಿ ಅಂದಿದ್ರು."

"ಅದು ಯಂತ್ರ."

ತಂಗಿ ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟರು. ಆಮೇಲೆ ಮಾತು ಒಂದೊಂದೇ ಬಂತು.

"ಫೋನ್ ಮಾಡಿದ್ರು."

"ಹೂಂ."

"ನೀನು ಎಂಗೇಜ್ ಅಂದೆ."

"ನೀನು ಮಲಗಿದ್ದೆ. ನಾಲ್ಕು ದಿನದಿಂದ ಕಣ್ಣು ಮುಚ್ಚಿರಲಿಲ್ಲ ನೀನು."

"ನನ್ನ ನಿದ್ದೆ ಕಾಯೋಕೆ ನಿನಗೆ ಯಾರು ಹೇಳಿದ್ರು? ಇಪ್ಪತ್ತೆರಡು ವರ್ಷ ಅವರನ್ನ ಬೈದೆನಲ್ಲೇ! ಬಾಯಿಗೆ ಬಂದ ಹಾಗೆ ಬೈದೆನಲ್ಲ! ಪಕ್ಕದ ಕೋಣೆಯಲ್ಲಿ ನಿಂತು ಕೇಳಿಸಿಕೊಂಡೆಯಲ್ಲ ನೀನು!"

"ಕೇಳಿಸಿಕೊಳ್ಳಲಿಲ್ಲ. ಮಹಡಿಗೆ ಹೋಗ್ತಿದ್ದೆ."

"ಮಹಡಿ ಮೇಲೆ ನಿನಗೆ ಕೇಳಿಸಲ್ವಾ?"

ಅಕ್ಕನಿಗೆ ಎಲ್ಲಿದ್ದರೂ ಕೇಳಿಸುತ್ತದೆಂದು ಮೂವರಿಗೂ ಗೊತ್ತಿತ್ತು. ಅಕ್ಕ ಎದ್ದು ಬಾಗಿಲ ಕಡೆ ಬಂದರು. ನಾನು ಕುರ್ಚಿಯಿಂದ ಏಳಲಿಲ್ಲ. ನನ್ನ ಜೀವಮಾನದಲ್ಲಿ ಒಬ್ಬರನ್ನು ದಾರಿಯಲ್ಲಿ ತಡೆದದ್ದು ಅದೊಂದೇ ಸಲ.

ಆಗ ಹಿಂದಿನಿಂದ ತಂಗಿ ಕೇಳಿದರು, "ಎಂಗೇಜ್ ಅಂದಾಗ ಅವರು ಏನಂದ್ರು?"

ಅಕ್ಕ ನನಗೆ ಅದನ್ನು ಹೇಳಿರಲಿಲ್ಲ. ಆ ದೊಡ್ಡ ಹಾಲ್‌ನ ಇಪ್ಪತ್ತಮೂರು ಜನಕ್ಕೂ ಹೇಳಿರಲಿಲ್ಲ. ಗೋಡೆಗೆ ಒಂದು ಕೈ ಊರಿ, ನಮ್ಮ ಕಡೆ ತಿರುಗದೆ ಬಾಯಿ ತೆರೆದರು. ಬಂದದ್ದು ಅವರ ದನಿಯಲ್ಲ. ಸ್ವಲ್ಪ ಒಡೆದ, ಸುಸ್ತಾದ, ನಗಲು ಹೊರಟು ನಡುವೆ ಉಸಿರಿಗೆ ನಿಂತ ಗಂಡಸಿನ ದನಿ. ಲಿಫ್ಟಿನಲ್ಲಿ ಗ್ರೀಸ್ ಬೇಕು ಎಂದಿದ್ದ ದನಿ.

"ಹೌದಾ ಅಕ್ಕ? ಹಾಗಾದ್ರೆ ಅವಳೇ ನನಗೆ ಮಾಡ್ತಿರಬೇಕು ಬಿಡಿ. ನಾನು ಇಡ್ತೀನಿ. ಅವಳಿಗೆ ಲೈನ್ ಸಿಗಲಿ."

ಆತ ಫೋನಿಟ್ಟು, ಅದನ್ನೇ ನೋಡುತ್ತಾ, ಹೆಂಡತಿಯ ಕರೆಗೆ ಕಾಯುತ್ತಾ ಐವತ್ತು ನಿಮಿಷ ಮಲಗಿದ್ದರು. ಆ ಐವತ್ತು ನಿಮಿಷ ಅಂದು ಮಧ್ಯಾಹ್ನ ನಮ್ಮ ಮೂವರ ನಡುವೆ ಬಂದು ಕೂತಿತು.

ಶುಕ್ರವಾರ ಸಾರಾಂಶ ಬಂತು. ತಂಗಿಯೇ ನನಗೆ ತೋರಿಸಿದರು. ಅದರಲ್ಲಿ ಹೀಗಿತ್ತು: 'ಬಳಕೆದಾರರು ತಮ್ಮ ಪತಿಯ ಕೊನೆಯ ಕರೆಯನ್ನು ಸ್ವೀಕರಿಸಲಿಲ್ಲ. ನಿದ್ದೆಯ ತೊಂದರೆಯಿದೆ. ದಿನಕ್ಕೆ ಅರ್ಧ ಗಂಟೆ ನಡೆಯಲು, ಹೆಚ್ಚು ನೀರು ಕುಡಿಯಲು ಸೂಚಿಸಲಾಗಿದೆ.' ಯಾರ ಪತಿ, ಯಾರು ಸ್ವೀಕರಿಸಲಿಲ್ಲ, ಎಲ್ಲ ಕಲಸಿಹೋಗಿತ್ತು. ಅಕ್ಕ ಹಿಂದಿನ ದಿನ ಬಾಯಿ ತೆರೆಯದಿದ್ದರೆ ತಂಗಿ ಅದನ್ನು ಓದಿ ಏನೆಂದುಕೊಳ್ಳುತ್ತಿದ್ದರೋ, ಗಂಡ ಕರೆದಾಗ ನಾನೇ ಎತ್ತಲಿಲ್ಲವೇ ಎಂದು ಎಷ್ಟು ದಿನ ತಮ್ಮ ನೆನಪನ್ನೇ ಕೆದಕುತ್ತಿದ್ದರೋ. ತಂಗಿ ಅದನ್ನು ಅಳಿಸಿಹಾಕಿ, "ನೀರು ಕುಡೀಬೇಕಂತೆ" ಎಂದಷ್ಟೇ ಹೇಳಿದರು.

ಕ್ಷಮಿಸಿದರಾ ಎಂದು ಕೇಳುತ್ತೀರಿ. ನನಗೆ ಗೊತ್ತಿಲ್ಲ. ಆ ಮನೆಯಲ್ಲಿ ಈಗ ಅಕ್ಕ ತಂಗಿ ಮಾತೇ ಆಡುವುದಿಲ್ಲ. ಅನ್ನ ಬಡಿಸುವ ಸದ್ದು, ಬಾಗಿಲು ಹಾಕುವ ಸದ್ದು, ಅಷ್ಟೇ. ಆದರೆ ಶನಿವಾರ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ತಂಗಿ ಅಕ್ಕನ ಎದುರು ಕುರ್ಚಿ ಹಾಕಿಕೊಂಡು ಕೂತು, "ಇನ್ನೊಂದ್ಸಲ ಹೇಳು" ಎಂದರು. ಅಕ್ಕ ಹೇಳಿದರು. ಭಾನುವಾರವೂ. ಅಂದಿನಿಂದ ಒಂದು ದಿನವೂ ತಪ್ಪಿಲ್ಲ. ಗಂಡಸಿಲ್ಲದ ಮನೆಯಿಂದ ದಿನಾ ಸಂಜೆ ಗಂಡಸೊಬ್ಬ, ನಾನು ಇಡ್ತೀನಿ, ಅವಳಿಗೆ ಲೈನ್ ಸಿಗಲಿ ಎನ್ನುವುದು ನನ್ನ ಗೋಡೆಯಲ್ಲಿ ಕೇಳುತ್ತದೆ. ಆ ಹೊತ್ತಿಗೆ ನಾನು ರೇಡಿಯೋ ಹಾಕುತ್ತೇನೆ. ರೇಡಿಯೋ ಎಷ್ಟೇ ಅರಚಿದರೂ ಆ ದನಿ ಅದರ ಕೆಳಗಿನಿಂದ ನುಸುಳಿ ಬರುತ್ತದೆ.

ಮೊದಲ ವಾರ ತಂಗಿ ಸುಮ್ಮನೆ ಕೇಳುತ್ತಿದ್ದರು. ಆಮೇಲೆ ತಿದ್ದಲು ಶುರುಮಾಡಿದರು.

"ಅವರು 'ಬಿಡಿ' ಅಂತ ಅಷ್ಟು ಬೇಗ ಹೇಳಲ್ಲ. ಎಳೀತಿದ್ರು."

"ನಾನು ಕೇಳಿದ್ದು ಹಾಗೇ ಕಣೆ."

"ನೀನು ಬೋರ್ಡಿನಲ್ಲಿ ಕೇಳಿದವಳು. ನಾನು ಅವರ ಹೆಂಡತಿ. ಇನ್ನೊಂದ್ಸಲ."

ಅಕ್ಕ ಎಳೆದು ಹೇಳಿದರು. ಮರುದಿನ 'ಹೌದಾ' ಇನ್ನೂ ಮೆತ್ತಗಾಗಬೇಕಾಯಿತು. ಇನ್ನೊಂದು ದಿನ ಕೊನೆಯಲ್ಲಿ ತಂಗಿಯ ಮನೆಯ ಹೆಸರು ಸೇರ್ಪಡೆಯಾಯಿತು, ಆತ ಅವರನ್ನು ಕರೆಯುತ್ತಿದ್ದ ಹೆಸರು. ಅದನ್ನು ಆತ ಅಂದು ಹೇಳಿರಲಿಲ್ಲ. ಅಕ್ಕ ಹೇಳಿದರು.

ಮೊನ್ನೆ ಮೆಟ್ಟಿಲ ಮೇಲೆ ಸಿಕ್ಕಾಗ ಅಕ್ಕ ಬಹಳ ಸಣ್ಣಗಾಗಿದ್ದರು. ಟೊಂಯ್ ಎಂಬ ಸದ್ದು ನಿಂತಿದೆ ಎಂದರು. ನಾನು, "ಅಬ್ಬ, ಅಷ್ಟಾದ್ರೂ ಆಯ್ತಲ್ಲ ಅಕ್ಕ" ಎಂದೆ.

ಅವರು ಕಂಬಿ ಹಿಡಿದು ನಿಂತರು. "ಅವತ್ತು ನೀವೂ ಕೇಳಿದ್ರಲ್ಲ, ಗುರುವಾರ. ಮೊದಲ ಸಲ ಹೇಳಿದಾಗ ಹೇಗಿತ್ತು ಅವರ ದನಿ? ನಾನು ನಿಜವಾಗಿ ಕೇಳಿದ್ದು ಯಾವುದು, ಇವಳು ಕಲಿಸಿದ್ದು ಯಾವುದು, ನನಗೆ ಗೊತ್ತಾಗ್ತಿಲ್ಲ. ಒಳಗೆ ಹುಡುಕಿದ್ರೆ ಏನೂ ಕೇಳಿಸ್ತಿಲ್ಲ. ನೀವು ಹೇಳಿ."

ನಾನು ಪ್ರಯತ್ನಪಟ್ಟೆ. ಆಣೆ ಮಾಡಿ ಹೇಳುತ್ತೇನೆ, ಕಣ್ಣು ಮುಚ್ಚಿ ಪ್ರಯತ್ನಪಟ್ಟೆ. ನನ್ನ ಕಿವಿ ಸಾಮಾನ್ಯರ ಕಿವಿ. ಅದರೊಳಗೆ ಈಗ ದಿನಾ ಸಂಜೆ ಗೋಡೆಯಾಚೆಯಿಂದ ಬರುವ ಗಂಡಸೊಬ್ಬನೇ ಇದ್ದ. ಅವನು ಯಾರೋ ನನಗೆ ಪರಿಚಯವಿರಲಿಲ್ಲ.

"ನೆನಪಿಲ್ಲ ಅಕ್ಕ" ಎಂದೆ.

ಅವರು ತಲೆಯಾಡಿಸಿ, ಕೈಗಡಿಯಾರ ನೋಡಿಕೊಂಡು, ನಾಲ್ಕು ಹತ್ತಕ್ಕೆ ಹೊತ್ತಾಯಿತೆಂದು ಮನೆಗೆ ಹತ್ತಿ ಹೋದರು.